ರ್ಯಾಲಿ ಸೈಕಲ್: ಹಿಂಚಕ್ರದೊಳಗೆ ಅಡಗಿದ ಗೇರು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ರ್ಯಾಲಿ ಸ್ಟ್ರೀಟ್‌ನಲ್ಲಿ 1880ರ ದಶಕದಲ್ಲಿ ಮೂವರು ಪಾಲುದಾರರ ಸಣ್ಣ ಕಾರ್ಖಾನೆಯೊಂದಿತ್ತು. ಅಲ್ಲಿ ವಾರಕ್ಕೆ ಮೂರೇ ಸೈಕಲ್ಲುಗಳು ತಯಾರಾಗುತ್ತಿದ್ದವು. ಹಾಂಗ್‌ಕಾಂಗ್‌ನಲ್ಲಿ ಹಣ ಗಳಿಸಿ ಆರೋಗ್ಯ ಕಳೆದುಕೊಂಡಿದ್ದ ಫ್ರಾಂಕ್ ಬೌಡನ್ ಎಂಬವರು ವೈದ್ಯರ ಸಲಹೆಯಂತೆ ಸೈಕಲ್ ತುಳಿಯತೊಡಗಿ, ಈ ಕಾರ್ಖಾನೆಯ ಸೈಕಲ್ಲನ್ನು ಮೆಚ್ಚಿ, ಕೊನೆಗೆ ಕಾರ್ಖಾನೆಯನ್ನೇ ಕೊಂಡುಕೊಂಡರು. ಬೀದಿಯ ಹೆಸರೇ ಕಂಪನಿಗೂ ಉಳಿಯಿತು. 1896ರ ಹೊತ್ತಿಗೆ ಅದು ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕ ಕಂಪನಿಯಾಗಿತ್ತು.

ಆದರೆ ರ್ಯಾಲಿಯ ನಿಜವಾದ ಜಾಣ್ಮೆ ಕಾಣುವುದು 1902ರಲ್ಲಿ ರೂಪುಗೊಂಡ, ಹಿಂಚಕ್ರದ ನಟ್ಟನಡುವಿನ ಭಾಗವಾದ ಹಬ್‌ನಲ್ಲಿ ಅಡಗಿದ್ದ ಸ್ಟರ್ಮಿ-ಆರ್ಚರ್ ಮೂರು ವೇಗದ ಗೇರಿನಲ್ಲಿ. ಅದನ್ನು ರೂಪಿಸಿದ ವಿಲಿಯಂ ರೈಲಿ ಹಿಂದಿನ ಒಪ್ಪಂದವೊಂದಕ್ಕೆ ಕಟ್ಟುಬಿದ್ದಿದ್ದರಿಂದ ಪೇಟೆಂಟ್ ಜೇಮ್ಸ್ ಆರ್ಚರ್ ಹೆಸರಿನಲ್ಲಾಯಿತು; ಗೇರಿನ ಹೆಸರಿನಲ್ಲಿ ರೈಲಿಗೆ ಜಾಗವೇ ಸಿಗಲಿಲ್ಲ.

ನಮ್ಮ ಕಾಲು ಹಿತವಾಗಿ ದುಡಿಯುವುದು ಒಂದು ಮಿತಿಯ ವೇಗದಲ್ಲಿ ಮಾತ್ರ. ಏರಿನಲ್ಲಿ ಪೆಡಲ್ ನಿಧಾನವಾಗಿ, ಪ್ರತಿ ತುಳಿತಕ್ಕೂ ಹೆಚ್ಚು ಬಲ ಬೇಕಾಗುತ್ತದೆ. ಇದಕ್ಕೆ ಪರಿಹಾರವಾದ ಹಬ್‌ನ ಒಳಗೆ, 1930ರ ದಶಕದ ಎ.ಡಬ್ಲ್ಯು. ಮಾದರಿಯನ್ನೇ ತೆಗೆದುಕೊಂಡರೆ, ಅಚ್ಚಿಗೆ ಬಿಗಿದ 20 ಹಲ್ಲಿನ 'ಸೂರ್ಯ' ಗೇರು, ಅದರ ಸುತ್ತ ತಿರುಗುವ 'ಗ್ರಹ' ಗೇರುಗಳು, ಅವುಗಳನ್ನು ಆವರಿಸಿದ 60 ಹಲ್ಲಿನ ಬಳೆಯಂಥ ಗೇರು ಇವೆ. ಚೈನು ಬಳೆಯನ್ನು ತಿರುಗಿಸಿ, ಗ್ರಹಗಳನ್ನು ಹಿಡಿದಿರುವ ಚೌಕಟ್ಟು ಚಕ್ರವನ್ನು ತಿರುಗಿಸಿದರೆ ವೇಗ ಮುಕ್ಕಾಲಿಗೆ ಇಳಿಯುತ್ತದೆ, ಬಲ ಮೂರನೇ ಒಂದರಷ್ಟು ಏರುತ್ತದೆ. ಚೌಕಟ್ಟನ್ನು ಚೈನು ತಿರುಗಿಸಿ, ಬಳೆ ಚಕ್ರವನ್ನು ತಿರುಗಿಸಿದರೆ ವೇಗ ಮೂರನೇ ಒಂದರಷ್ಟು ಹೆಚ್ಚುತ್ತದೆ. ನಡುವಿನ ಗೇರಿನಲ್ಲಿ ಚೈನು ತಿರುಗಿದಷ್ಟೇ ಚಕ್ರವೂ ತಿರುಗುತ್ತದೆ. ಮುಂದೆ 48, ಹಿಂದೆ 18 ಹಲ್ಲುಗಳಿರುವ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಹಾಕಿದಾಗ ಹಿಂಚಕ್ರ ಏರಿನ ಗೇರಿನಲ್ಲಿ 2, ಮಧ್ಯದಲ್ಲಿ 2.67, ಮೇಲಿನದರಲ್ಲಿ 3.56 ಸುತ್ತು ತಿರುಗುತ್ತದೆ. ಇಷ್ಟೆಲ್ಲ ನಡೆಯುವುದು ಮುಚ್ಚಿದ ಲೋಹದ ಡಬ್ಬಿಯೊಳಗಾದ್ದರಿಂದ ಕೆಸರು, ಮಳೆ ಅದನ್ನು ಸುಲಭವಾಗಿ ಕೆಡಿಸಲಾರವು.

ಭಾರತಕ್ಕೆ ರ್ಯಾಲಿಯ ಹೆಸರು ಪಶ್ಚಿಮ ಬಂಗಾಳದ ಅಸನ್ಸೋಲಿನ ಸೇನ್-ರ್ಯಾಲಿ ಕಾರ್ಖಾನೆಯ ಮೂಲಕವೂ ಬಂತು. 1960ರಲ್ಲಿ ಮೂಲ ರ್ಯಾಲಿ ಕಂಪನಿ ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಮೂಹದ ಕೈಸೇರಿತು. ನಾಟಿಂಗ್‌ಹ್ಯಾಮ್‌ನ ಹಳೆಯ ಕಾರ್ಖಾನೆಯ ನೆಲದಲ್ಲಿ ಈಗ ವಿಶ್ವವಿದ್ಯಾಲಯದ ಕಟ್ಟಡಗಳಿವೆ. 2000ದಲ್ಲಿ ಮಾರಾಟವಾದ ಸ್ಟರ್ಮಿ-ಆರ್ಚರ್ ಹಬ್‌ನ ತಯಾರಿಕೆ ಮಾತ್ರ ತೈವಾನಿನಲ್ಲಿ ಮುಂದುವರಿದಿದೆ.