ನಾಯಕರು ಎಲ್ಲಿ ‘ನಾನು’ ಅನ್ನುತ್ತಾರೆ?

25 ವರ್ಷಕ್ಕೂ ಜಾಸ್ತಿ ಕಾಲ ನಾನು ಮಾಡಿದ್ದು ಒಂದೇ ಕೆಲಸ. ರಾಜಕಾರಣಿಗಳಿಗೆ ಭಾಷಣ, ಹೇಳಿಕೆ, ಟಿಪ್ಪಣಿ ಬರೆದುಕೊಡುವುದು. ಅದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಯೂ ಒಂದೇ: ‘ಹತ್ತಿರದಿಂದ ನೋಡಿದ್ದೀರಲ್ಲ, ನಿಜವಾಗ್ಲೂ ದೊಡ್ಡ ನಾಯಕ ಅಂದ್ರೆ ಹೇಗಿರ್ತಾರೆ?’ ದೂರದೃಷ್ಟಿ, ಧೈರ್ಯ, ಮಾತುಗಾರಿಕೆ ಅಂತೆಲ್ಲ ಹೇಳಬಹುದು. ಮಾತುಗಾರಿಕೆಯ ಬಗ್ಗೆಯಂತೂ ನನಗೆ ಭ್ರಮೆಯಿಲ್ಲ, ಅದರಲ್ಲಿ ಅರ್ಧ ನಮ್ಮಂಥವರದು. ನಾನು ನೋಡುವುದು ಬೇರೇನನ್ನೋ. ಏನಾದರೂ ಎಡವಟ್ಟಾದಾಗ ಹೊರಬೀಳುವ ಹೇಳಿಕೆಯಲ್ಲಿ ಕ್ರಿಯಾಪದ ಹೇಗಿದೆ ಅಂತ.

ನಗಬೇಡಿ. ಈ ಸಾಲು ನೋಡಿ: ‘ಲೋಪ ಉಂಟಾಗಿರುವುದು ಗಮನಕ್ಕೆ ಬಂದಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಇಂಥವನ್ನು ನೂರಾರು ಬರೆದಿದ್ದೇನೆ, ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಲೋಪ ತಾನಾಗಿಯೇ ಉಂಟಾಯಿತು, ಮಳೆ ಬಂದ ಹಾಗೆ. ಗಮನಕ್ಕೆ ಬಂತು, ಯಾರ ಗಮನಕ್ಕೋ. ಕ್ರಮ ಕೈಗೊಳ್ಳುವವರು ಯಾರು? ವಾಕ್ಯದಲ್ಲಿ ಇಲ್ಲ. ‘ಲಾಗಿದೆ’, ‘ಲಾಗುವುದು’ ಅಂತ ಒಂದು ಬಾಲ ಅಂಟಿಸಿದರೆ ಸಾಕು, ಮನುಷ್ಯ ಮಾಯ. ಅದೇ ಉದ್ಘಾಟನೆಯ ದಿನ ಬರಲಿ, ‘ನಾನು ಕಟ್ಟಿಸಿದೆ’ ಅಂತ ಕರ್ತೃ ಎದೆಯುಬ್ಬಿಸಿ ಎದ್ದು ನಿಲ್ಲುತ್ತಾನೆ.

ಈ ಬಾಲವನ್ನು ಕತ್ತರಿಸಿದ ಒಂದು ಚೀಟಿ ಇತಿಹಾಸದಲ್ಲಿ ಉಳಿದುಕೊಂಡಿದೆ. ಎರಡನೇ ಮಹಾಯುದ್ಧ, 1944ರ ಜೂನ್ 5. ಮರುದಿನ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿಯಲ್ಲಿ 1.5 ಲಕ್ಷಕ್ಕೂ ಹೆಚ್ಚು ಸೈನಿಕರು ಇಳಿಯಬೇಕು. ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್, ಮುಂದೆ ಅಮೆರಿಕದ ಅಧ್ಯಕ್ಷರಾದವರು, ದಾಳಿ ಸೋತರೆ ಕೊಡಬೇಕಾದ ಹೇಳಿಕೆಯನ್ನು ಪೆನ್ಸಿಲ್ಲಿನಲ್ಲಿ ಬರೆದು ಜೇಬಿಗೆ ಹಾಕಿಕೊಂಡರು. ಆ ಚೀಟಿಯಲ್ಲಿ ಒಂದು ತಿದ್ದುಪಡಿ ಇದೆ. ಮೊದಲು ಬರೆದಿದ್ದು ‘ಪಡೆಗಳನ್ನು ಹಿಂದಕ್ಕೆ ಕರೆಸಲಾಗಿದೆ’ ಅನ್ನುವ ಅರ್ಥದ ಮಾತು. ಅದನ್ನು ಹೊಡೆದುಹಾಕಿ ‘ಪಡೆಗಳನ್ನು ನಾನು ಹಿಂದಕ್ಕೆ ಕರೆಸಿದ್ದೇನೆ’ ಅಂತ ಮಾಡಿದರು. ಸೈನಿಕರು ತಮ್ಮ ಕೆಲಸ ಮಾಡಿದರು, ತಪ್ಪೇನಿದ್ದರೂ ಅದು ನನ್ನೊಬ್ಬನದು ಅಂತ ಮುಗಿಸಿ, ಆ ಕೊನೆಯ ಪದಗಳ ಕೆಳಗೆ ಗೆರೆ ಎಳೆದರು. ದಿನಾಂಕವನ್ನು ಮಾತ್ರ ಜುಲೈ 5 ಅಂತ ತಪ್ಪಾಗಿ ಹಾಕಿದ್ದಾರೆ. ಅಷ್ಟು ಸುಸ್ತಾಗಿದ್ದ ಮನುಷ್ಯ ‘ಲಾಗಿದೆ’ಯನ್ನು ಮಾತ್ರ ಹುಡುಕಿ ತಿದ್ದಿದ್ದಾರೆ. ದಾಳಿ ಗೆದ್ದಿತು, ಚೀಟಿ ಬೇಕಾಗಲೇ ಇಲ್ಲ.

ಇದು ಸುಮ್ನೆ ಒಳ್ಳೆಯ ಗುಣದ ವಿಷಯ ಅಲ್ಲ. ಆಡಳಿತ ನಡೆಯುವ ಬಗೆಯೇ ಇದರ ಮೇಲೆ ನಿಂತಿದೆ. ತಪ್ಪನ್ನು ಕೆಳಗಿನವರ ತಲೆಗೆ ಕಟ್ಟುವ ನಾಯಕರಿಗೆ ಕೆಳಗಿನವರು ನಿಜ ಹೇಳುವುದನ್ನು ನಿಲ್ಲಿಸುತ್ತಾರೆ. ಯಾರಿಗೆ ಬೇಕು ಹೇಳಿ?

ಇದರ ಅತಿ ಕೆಟ್ಟ ಉದಾಹರಣೆ ಚೀನಾದ್ದು. 1958ರಲ್ಲಿ ಮಾವೋ, ಕೃಷಿ-ಕೈಗಾರಿಕೆಯನ್ನು ದಿಢೀರನೆ ಬೆಳೆಸುವ ‘ಮಹಾ ಜಿಗಿತ’ ಶುರುಮಾಡಿದಾಗ ಕೆಳಗಿನ ಅಧಿಕಾರಿಗಳು ಬೆಳೆಯ ಲೆಕ್ಕವನ್ನು ಉಬ್ಬಿಸಿ ಕಳಿಸತೊಡಗಿದರು. ಕಾಗದದ ಮೇಲಿದ್ದ ಆ ಧಾನ್ಯದ ಲೆಕ್ಕದಲ್ಲೇ ಸರ್ಕಾರ ಹಳ್ಳಿಗಳಿಂದ ಪಾಲು ಕಿತ್ತುಕೊಂಡಿತು. 1959ರ ಜುಲೈನಲ್ಲಿ, ಲೂಶಾನ್‌ನಲ್ಲಿ ನಡೆದ ಪಕ್ಷದ ಸಭೆಯ ಹೊತ್ತಿಗೆ, ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಮಾವೋಗೆ ಒಂದು ಖಾಸಗಿ ಪತ್ರ ಬರೆದರು. ಲೆಕ್ಕ ಉಬ್ಬಿದೆ, ಎಡವಿದ್ದೇವೆ ಅಂತ ವಿನಯದಿಂದಲೇ ಹೇಳಿದ್ದರು. ಮಾವೋ ಆ ಪತ್ರವನ್ನು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದರು. ಪೆಂಗ್ ಪದವಿ ಹೋಯಿತು. ಆಮೇಲೆ ಬಾಯಿ ಬಿಡುವವರು ಯಾರು? ಮರುವರ್ಷ ಬರಗಾಲ ಇನ್ನೂ ಭೀಕರವಾಯಿತು. ಆ ಕೆಲವೇ ವರ್ಷಗಳಲ್ಲಿ ಕೋಟಿಗಟ್ಟಲೆ ಜನ ಸತ್ತರು.

ನನ್ನ ಅನುಭವ ಇದರ ಮುಂದೆ ತೀರಾ ಚಿಕ್ಕದು, ಆದರೂ ಹೇಳುತ್ತೇನೆ. ಒಮ್ಮೆ ಪ್ರವಾಹದ ಪರಿಹಾರ ತಲುಪುವುದು ತಡವಾಗಿ ಗಲಾಟೆಯಾಯಿತು. ಆಗ ನಾನು ಒಬ್ಬ ಸಚಿವೆಯ ಬಳಿ ಕೆಲಸಕ್ಕಿದ್ದೆ. ಎಂದಿನಂತೆ ‘ವಿಳಂಬವಾಗಿರುವುದು ಗಮನಕ್ಕೆ ಬಂದಿದೆ’ ಅಂತ ಕರಡು ಕೊಟ್ಟೆ. ಅವರು ಓದಿ ಕೇಳಿದರು: ‘ಕಡತ ನನ್ನ ಮೇಜಿನ ಮೇಲೇ ಎರಡು ದಿನ ಇತ್ತಲ್ಲ, ಅದೆಲ್ಲಿದೆ ಇದರಲ್ಲಿ?’

‘ಮೇಡಂ, ಅದನ್ನ ಹಾಕಿದ್ರೆ ವಿರೋಧಿಗಳು ಅದನ್ನೇ ಹಿಡ್ಕೊಂಡು ಕೂರ್ತಾರೆ.’

‘ಕೂರ್ಲಿ ಬಿಡಿ. ಬರೀರಿ.’

ಬರೆದೆ. ವಿರೋಧಿಗಳು ಒಂದು ವಾರ ಹಿಡ್ಕೊಂಡು ಕೂತರು ಕೂಡ. ಆದರೆ ನಾನು ಊಹಿಸದ ಇನ್ನೊಂದು ಆಯಿತು. ಹೇಳಿಕೆ ಹೊರಬಿದ್ದ ಮರುದಿನ ಬೆಳಿಗ್ಗೆ ಮೂವರು ಅಧಿಕಾರಿಗಳು ಒಬ್ಬೊಬ್ಬರಾಗಿ ಅವರ ಕೋಣೆಗೆ ಬಂದು, ತಮ್ಮ ಕಡೆಯಿಂದ ಆದ ತಡವನ್ನು ತಾವೇ ಹೇಳಿಕೊಂಡರು. ತನಿಖೆ ಮಾಡಿಸಿದ್ದರೆ ಆರು ತಿಂಗಳು ಬೇಕಾಗುತ್ತಿತ್ತು.

ಹಾಗಂತ ‘ಹೊಣೆ ನನ್ನದು’ ಅಂದವರೆಲ್ಲ ದೊಡ್ಡವರಾಗುವುದಿಲ್ಲ. ಈಗೀಗ ಅದೂ ಒಂದು ಸಿದ್ಧ ಸಾಲೇ. ಹೇಳಿದ ಮೇಲೆ ಏನು ಬದಲಾಯಿತು ಅಂತ ನೋಡಬೇಕು. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್‌ನಲ್ಲಿ ಕ್ಯಾಸ್ಟ್ರೋ ಸರ್ಕಾರವನ್ನು ಉರುಳಿಸಲು ಅಮೆರಿಕ ತರಬೇತಿ ಕೊಟ್ಟ ಸುಮಾರು 1,400 ಜನ ಇಳಿದು ಮೂರೇ ದಿನದಲ್ಲಿ ಸೋತರು. ಅಧ್ಯಕ್ಷ ಕೆನಡಿ ಪತ್ರಿಕಾಗೋಷ್ಠಿಯಲ್ಲಿ ಹೊಣೆ ಹೊತ್ತರು. ಅವರ ಜನಪ್ರಿಯತೆ ಏರಿತು, ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 83. ಅಲ್ಲಿಗೇ ನಿಂತಿದ್ದರೆ ಅದೊಂದು ಜಾಣ ಹೇಳಿಕೆ ಆಗಿರುತ್ತಿತ್ತು, ಅಷ್ಟೇ. ಅವರು ಸಲಹೆ ಕೇಳುವ ರೀತಿಯನ್ನೇ ಬದಲಿಸಿದರು. ಮರುವರ್ಷದ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ, ತಾವಿದ್ದರೆ ಜನ ಮನಬಿಚ್ಚಿ ಮಾತಾಡುವುದಿಲ್ಲ ಅಂತ ಕೆಲವು ಸಭೆಗಳಿಂದ ಬೇಕಂತಲೇ ಹೊರಗುಳಿದರು. ಮೊದಲ ದಿನ ವಾಯುದಾಳಿಯ ಕಡೆಗೇ ಒಲವಿತ್ತು. ವಾದ ನಡೆದು ನಡೆದು ಅದು ನೌಕಾ ತಡೆಗೆ ಇಳಿಯಿತು.

ಆದರೆ ಇದೇ ಕತೆಯಲ್ಲಿ ನನಗೆ ಕಸಿವಿಸಿಯಾಗುವ ಒಂದು ಭಾಗವಿದೆ. ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುತ್ತೇವೆ ಅಂತ ಕೆನಡಿ ಕೊಟ್ಟ ಮಾತು ಗುಟ್ಟಾಗಿಯೇ ಉಳಿಯಿತು. ಜಗತ್ತಿನ ಕಣ್ಣಿಗೆ ಸೋವಿಯತ್ ನಾಯಕ ಕ್ರುಶ್ಚೇವ್ ಸೋತು, ಕ್ಯೂಬಾದ ಕ್ಷಿಪಣಿಗಳನ್ನು ವಾಪಸ್ ತೆಗೆದುಕೊಂಡು ಹಿಂದೆ ಸರಿದರು. ಆ ಅವಮಾನ ನುಂಗಿಕೊಂಡವರು ಅವರೇ. ಎರಡು ವರ್ಷಕ್ಕೆ, 1964ರ ಅಕ್ಟೋಬರ್‌ನಲ್ಲಿ, ಅವರ ಕುರ್ಚಿ ಹೋಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಇದೂ ಒಂದು. ಕ್ಷಿಪಣಿ ಬಿಕ್ಕಟ್ಟಿನ ಆ 13 ದಿನಗಳಲ್ಲಿ ದೊಡ್ಡ ನಾಯಕ ಯಾರು ಅಂತ ಕೇಳಿದರೆ ನಾನು ತಟ್ಟನೆ ಉತ್ತರ ಕೊಡಲಾರೆ.

ಅಮೆರಿಕದ ಅಂತರ್ಯುದ್ಧದ ಕಾಲದ ಅಧ್ಯಕ್ಷ ಲಿಂಕನ್ ವಿಷಯದಲ್ಲಿ ನನಗೆ ಅಂಥ ಗೊಂದಲವಿಲ್ಲ. ಎರಡು ಕಾಗದಗಳಿಂದಾಗಿ. 1863ರ ಜುಲೈ 13ರಂದು ಅವರು ತಮ್ಮ ಸೇನೆಯ ಜನರಲ್ ಗ್ರಾಂಟ್‌ಗೆ ಪತ್ರ ಬರೆದರು. ಅಲ್ಲಿಯವರೆಗೆ ನಾವು ಭೇಟಿಯಾದ ನೆನಪಿಲ್ಲ ಅಂತಲೇ ಶುರುಮಾಡುತ್ತಾರೆ. ವಿಕ್ಸ್‌ಬರ್ಗ್ ಪಟ್ಟಣ ಹಿಡಿಯಲು ನೀವು ಆರಿಸಿಕೊಂಡ ದಾರಿ ತಪ್ಪು ಅಂದುಕೊಂಡಿದ್ದೆ, ನೀವು ಸರಿ, ನಾನು ತಪ್ಪು ಅಂತ ಮುಗಿಸುತ್ತಾರೆ. ಇದನ್ನು ಯಾರೂ ಕೇಳಿರಲಿಲ್ಲ. ಅವರ ಅನುಮಾನ ಗ್ರಾಂಟ್‌ಗೆ ಗೊತ್ತಿರಬೇಕಾಗಿಯೂ ಇರಲಿಲ್ಲ.

ಮಾರನೆಯ ದಿನ, ಜುಲೈ 14ಕ್ಕೆ, ಇನ್ನೊಂದು ಪತ್ರ. ಇದು ಜನರಲ್ ಮೀಡ್‌ಗೆ. ಗೆಟಿಸ್‌ಬರ್ಗ್ ಕದನ ಗೆದ್ದ ಮೇಲೂ ಶತ್ರು ಸೈನ್ಯವನ್ನು ತಪ್ಪಿಸಿಕೊಳ್ಳಲು ಬಿಟ್ಟಿದ್ದಕ್ಕೆ ಸಿಟ್ಟು ಉಕ್ಕುತ್ತಿದೆ. ನಿಮ್ಮಿಂದ ಯುದ್ಧ ಇನ್ನು ಎಷ್ಟು ದಿನ ಎಳೆಯುತ್ತದೋ ಅನ್ನುವ ಧಾಟಿ. ಪತ್ರವನ್ನು ಮಡಚಿ ಲಕೋಟೆಗೆ ಹಾಕಿದರು. ಲಕೋಟೆಯ ಮೇಲೆ ಅವರದೇ ಕೈಬರಹದಲ್ಲಿ ಹೀಗಿದೆ: ಜನರಲ್ ಮೀಡ್‌ಗೆ, ಕಳಿಸಲಿಲ್ಲ, ಸಹಿಯನ್ನೂ ಹಾಕಲಿಲ್ಲ.