ಇಂಟರ್ನ್‌ಶಿಪ್‌ಗೆ ಹೊರಟವರ ಕಣ್ಣು ಮೊದಲು ಪಳಗಲಿ

ವಾಕ್ ಮತ್ತು ಶ್ರವಣ ವಿಷಯ ಓದುವ ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್‌ಗಾಗಿ ಕಿವುಡರ ಶಾಲೆ, ಸಂಘಗಳಿಗೆ ಕಳಿಸುವುದು ನನ್ನ ಕೆಲಸದ ಒಂದು ಭಾಗ. ಹೊರಡುವ ಮುನ್ನ ಹೆಚ್ಚಿನವರು ಕೇಳುವುದು, ‘ಎಷ್ಟು ಸನ್ನೆ ಕಲಿತಿರಬೇಕು ಮೇಡಂ?’ ಅಂತ. ನಮಸ್ಕಾರ, ಹೆಸರು, ನೀರು, ಊಟ ಇಷ್ಟೆಲ್ಲ ವಿಡಿಯೊ ನೋಡಿಯೇ ಬರುತ್ತದೆ. ನನಗೆ ಚಿಂತೆಯಿರುವುದು ಅವರ ಕಣ್ಣಿನದು.

ಕಿವಿ ಕೇಳುವ ನಾವು ಮಾತಿನ ನಡುವೆ ಪುಸ್ತಕ ತಿರುವುತ್ತೇವೆ, ಫೋನ್ ನೋಡುತ್ತೇವೆ. ಮಾತು ಹೇಗೂ ಕಿವಿಗೆ ಬೀಳುತ್ತಿರುತ್ತದೆ. ಸಂಜ್ಞೆಯಲ್ಲಿ ಮಾತಾಡುವವರ ಎದುರು ನೋಟ ತಿರುಗಿಸಿದರೆ ಸಂಭಾಷಣೆ ಅಲ್ಲಿಗೇ ಕಡಿಯುತ್ತದೆ. ಟಿಪ್ಪಣಿ ಬರೆಯಲು ತಲೆ ತಗ್ಗಿಸುವ ಶ್ರದ್ಧಾವಂತ ಇಂಟರ್ನ್ ಅಲ್ಲಿ ಒರಟನಂತೆ ಕಾಣುತ್ತಾನೆ, ಪಾಪ. ಇನ್ನು ಕೆಲವರು ಕೈಗಳನ್ನೇ ದಿಟ್ಟಿಸುತ್ತಾರೆ. ಪಳಗಿದವರು ನೋಡುವುದು ಮುಖವನ್ನು. ಕೈಗಳು ನೋಟದ ಅಂಚಿನಲ್ಲೇ ಕಾಣುತ್ತವೆ. ಅನೇಕ ಸಂಜ್ಞಾ ಭಾಷೆಗಳಲ್ಲಿ ಹುಬ್ಬೇರಿಸಿದರೆ ಹೇಳಿಕೆ ಪ್ರಶ್ನೆಯಾಗುತ್ತದೆ, ತಲೆಯನ್ನು ಅಡ್ಡಡ್ಡ ಆಡಿಸಿದರೆ ಅದೇ ವಾಕ್ಯ ‘ಇಲ್ಲ’ ಎಂಬ ಅರ್ಥ ಕೊಡುತ್ತದೆ. ಅರ್ಧ ವ್ಯಾಕರಣ ಮುಖದಲ್ಲೇ ಇದೆ ಎಂದರೂ ತಪ್ಪಾಗದು.

ಸಂಜ್ಞಾ ಭಾಷೆಗೆ ವ್ಯಾಕರಣವಿದೆ ಎಂಬುದನ್ನೇ ಭಾಷಾವಿಜ್ಞಾನ ಬಹುಕಾಲ ಗಮನಿಸಿರಲಿಲ್ಲ. ವಿಲಿಯಂ ಸ್ಟೋಕಿ ಅಮೆರಿಕನ್ ಸಂಜ್ಞಾ ಭಾಷೆಯ ರಚನೆಯನ್ನು ಬಿಡಿಸಿಟ್ಟದ್ದು 1960ರಲ್ಲಿ. ಅಮೆರಿಕ, ಬ್ರಿಟನ್ ಎರಡರಲ್ಲೂ ಇಂಗ್ಲಿಷ್ ಆಡುತ್ತಾರೆ. ಆದರೆ ಅಲ್ಲಿನ ಕಿವುಡರ ಭಾಷೆಗಳು ಬೇರೆ ಬೇರೆ, ಒಂದು ಬಲ್ಲವರಿಗೆ ಇನ್ನೊಂದು ಅರ್ಥವಾಗದು. ಅಮೆರಿಕದ್ದಕ್ಕೆ ನಂಟಿರುವುದು ಫ್ರೆಂಚ್ ಸಂಜ್ಞಾ ಭಾಷೆಯ ಜೊತೆ. 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಕಿವುಡರ ಶಾಲೆ ತೆರೆದಾಗ ಅಲ್ಲಿ ಕಲಿಸಿದವರು ಪ್ಯಾರಿಸ್‌ನಿಂದ ಬಂದ ಲಾರೆಂಟ್ ಕ್ಲೆರ್ಕ್, ಸ್ವತಃ ಕಿವುಡರು.

ನಮ್ಮ ವೃತ್ತಿಯವರು ಮರೆಯಬಾರದ ವರ್ಷ 1880. ಕಿವುಡರ ಶಿಕ್ಷಣಕ್ಕೆ ಬಾಯಿಮಾತೇ ಮೇಲು, ಸನ್ನೆ ಬೇಡ ಎಂದು ಮಿಲಾನ್ ಸಮ್ಮೇಳನ ನಿರ್ಣಯಿಸಿತು. ಅಲ್ಲಿ ಸೇರಿದ್ದವರಲ್ಲಿ ಬಹುತೇಕರು ಕಿವಿ ಕೇಳುವವರೇ. ಅನೇಕ ದೇಶಗಳ ಶಾಲೆಗಳಿಂದ ಸಂಜ್ಞಾ ಭಾಷೆ ಹೊರಬಿತ್ತು. ಆ ನಿರ್ಣಯಕ್ಕೆ ಅಧಿಕೃತವಾಗಿ ವಿಷಾದ ಹೇಳಿದ್ದು 2010ರ ವ್ಯಾಂಕೂವರ್ ಸಮ್ಮೇಳನ. ಸನ್ನೆ ಕಲಿತರೆ ಮಗು ಮಾತು ಕಲಿಯದು ಎಂದು ಹೆದರುವ ತಂದೆತಾಯಿ ಇವತ್ತೂ ನನ್ನ ಕೋಣೆಗೆ ಬರುತ್ತಾರೆ. ಆ ಭಯಕ್ಕೆ ಆಧಾರವಿಲ್ಲ. ಎಳವೆಯಲ್ಲಿ ಯಾವ ಭಾಷೆಯೂ ಪೂರ್ತಿಯಾಗಿ ಸಿಗದಿರುವುದೇ ನಿಜವಾದ ಅಪಾಯ. ಕಿವುಡ ಮಕ್ಕಳಲ್ಲಿ ಹೆಚ್ಚಿನವರ ತಂದೆತಾಯಿಗೆ ಕಿವಿ ಕೇಳುತ್ತದೆ, ಹಾಗಾಗಿ ಎಷ್ಟೋ ಮಕ್ಕಳಿಗೆ ಭಾಷೆ ದಕ್ಕುವುದು ಮನೆಯಲ್ಲಲ್ಲ, ಶಾಲೆಯಲ್ಲಿ ಇತರ ಕಿವುಡರ ನಡುವೆ. ಆಡಿಯೋಗ್ರಾಮ್, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ ನೋಡಿ ಎಷ್ಟು ಡೆಸಿಬೆಲ್ ನಷ್ಟ ಎಂದು ಹೇಳಬಹುದು. ಊಟದ ಸಾಲಿನಲ್ಲಿ ಆ ಮಗು ಗೆಳೆಯರ ಕಾಲೆಳೆಯುವ ರೀತಿ ಅದರಲ್ಲಿ ಕಾಣುವುದಿಲ್ಲ.

ರೀತಿ ರಿವಾಜುಗಳನ್ನು ಅಲ್ಲಿದ್ದೇ ಕಲಿಯಬೇಕು. ಕರೆಯಲು ಭುಜ ತಟ್ಟುತ್ತಾರೆ, ದೂರವಿದ್ದರೆ ಕೈಬೀಸುತ್ತಾರೆ, ಇಡೀ ಕೋಣೆಯನ್ನು ಕರೆಯಲು ದೀಪ ಆರಿಸಿ ಹಚ್ಚುತ್ತಾರೆ. ಸಂಜ್ಞೆಯಲ್ಲಿ ಮಾತಾಡುತ್ತಿರುವ ಇಬ್ಬರ ನಡುವೆ ದಾಟಬೇಕಾದರೆ ಸುಮ್ಮನೆ ದಾಟಿಬಿಡಿ. ನಿಂತು ಕ್ಷಮೆ ಕೇಳಿದರೆ ಅಡ್ಡಿ ಹೆಚ್ಚು. ‘ದಪ್ಪಗಾಗಿದ್ದೀರಿ’ ಎಂದು ನೇರವಾಗಿ ಹೇಳಿದರೆ ಬೇಸರಿಸಬೇಡಿ. ಸಂಜ್ಞಾ ಹೆಸರನ್ನು, ಅಂದರೆ ನಿಮ್ಮನ್ನು ಗುರುತಿಸುವ ಸನ್ನೆಯನ್ನು ಮಾತ್ರ ನೀವೇ ಇಟ್ಟುಕೊಳ್ಳುವಂತಿಲ್ಲ. ನಿಮ್ಮನ್ನು ಒಂದಷ್ಟು ಕಾಲ ನೋಡಿದ ಮೇಲೆ ಕಿವುಡರೇ ಇಡುತ್ತಾರೆ.

ಒಂದು ವಿಷಯದಲ್ಲಿ ನಾನು ಬಿಗಿ. ನಾಲ್ಕು ವಾರದ ಕಲಿಕೆ ಇಟ್ಟುಕೊಂಡು ಯಾರೂ ಇಂಟರ್‌ಪ್ರಿಟರ್ ಆಗಬಾರದು. ಆಸ್ಪತ್ರೆಯಲ್ಲೋ ಪೊಲೀಸ್ ಠಾಣೆಯಲ್ಲೋ ‘ನಿಮಗೆ ಬರುತ್ತಲ್ಲ, ಸ್ವಲ್ಪ ಹೇಳಿಬಿಡಿ’ ಎಂದು ಎಳೆಯುವವರು ಇದ್ದೇ ಇರುತ್ತಾರೆ. ಒಪ್ಪಬೇಡಿ, ತರಬೇತಾದವರನ್ನು ಕರೆಸಲು ಹೇಳಿ. ಅವರು ಬಂದಾಗಲೂ ಮಾತು, ನೋಟ ಎರಡೂ ಕಿವುಡ ವ್ಯಕ್ತಿಯ ಕಡೆಗೇ ಇರಲಿ; ‘ಅವರನ್ನು ಕೇಳಿ’ ಎಂದು ಇಂಟರ್‌ಪ್ರಿಟರ್‌ಗೆ ಹೇಳುವ ಅಭ್ಯಾಸ ಬಿಡಿ.

ಇಂಟರ್ನ್‌ಶಿಪ್‌ನ ಅಂಕಗಳನ್ನು ಈಗ ನಾವೇ ಕೊಡುತ್ತೇವೆ, ಅದೂ ಬರೆದ ವರದಿ ನೋಡಿ. ಅರ್ಧ ಅಂಕವನ್ನಾದರೂ ಅಲ್ಲಿನ ಕಿವುಡ ಶಿಕ್ಷಕರು ಕೊಡಲಿ, ಅವರ ಅಭಿಪ್ರಾಯವನ್ನು ಸಂಜ್ಞಾ ಭಾಷೆಯ ವಿಡಿಯೊದಲ್ಲೇ ಸ್ವೀಕರಿಸೋಣ ಎಂದು ವಿಭಾಗದಲ್ಲಿ ವಾದಿಸುತ್ತಿದ್ದೇನೆ. ‘ಅದನ್ನು ಫೈಲ್ ಮಾಡುವುದು ಹೇಗೆ?’ ಎಂಬ ಪ್ರಶ್ನೆ ಬಂದಿದೆ.