ಒಂದೇ ಕೆಟಲಿನ ಚಾ, ಇಬ್ಬರಿಗೆ ಎರಡು ಥರ

ಬಳ್ಳಾರಿಯಲ್ಲಿ ಬಿಸಿಲು ಏರುವ ಮೊದಲೇ ಓಡಿ ಮುಗಿಸಬೇಕು. ಅದಕ್ಕೇ ಬೆಳಿಗ್ಗೆ ಐದೂವರೆಗೆಲ್ಲ ಮೈದಾನದ ತುಂಬಾ ಹುಡುಗರು. ಹೆಚ್ಚಿನವರು ಪೊಲೀಸ್ ಭರ್ತಿಗೆ ತಯಾರಾಗುತ್ತಿರುವವರು, 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಗೇಟಿನ ಹೊರಗೆ ಚಾ ಅಂಗಡಿ. ಒಬ್ಬ ಎರಡು ಸಿಂಗಲ್ ಚಾ ಹೊಡೆದು "ಈಗ ನೋಡಣ್ಣ" ಅಂತ ಒಳಗೆ ಹೋಗುತ್ತಾನೆ. ಅವನ ಗೆಳೆಯ ಗ್ಲಾಸು ಮುಟ್ಟುವುದಿಲ್ಲ. "ನನಗ ಬ್ಯಾಡಪ್ಪ, ಎದಿ ಡವಡವ ಅಂತೈತಿ."

ಒಂದೇ ಕೆಟಲು, ಒಂದೇ ಪುಡಿ. ಹಾಗಾದ್ರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಈಚೆಗೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಜೀನ್. ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಅಷ್ಟು ಸಲೀಸೂ ಅಲ್ಲ.

ಚಾ, ಕಾಫಿ ಎರಡರಲ್ಲೂ ಇದ್ದು ಮೈಗೆ ಚುರುಕು ಕೊಡುವ ವಸ್ತು ಕೆಫೀನ್. ಕಾಫಿ ಬೀಜದಿಂದ ಅದನ್ನು ಬೇರೆ ಮಾಡಿದ್ದು ಜರ್ಮನಿಯ ರಸಾಯನ ವಿಜ್ಞಾನಿ ರುಂಗೆ, 1819ರಲ್ಲಿ. ಅದು ಸ್ನಾಯುವಿನ ದಣಿವನ್ನು ತಡೆಯುತ್ತದಾ ಅಂತ ಗಟ್ಟಿಯಾಗಿ ಪರೀಕ್ಷಿಸಿದ್ದು 1907ರಲ್ಲಿ, ಇಂಗ್ಲೆಂಡಿನ ರಿವರ್ಸ್ ಮತ್ತು ವೆಬ್ಬರ್. ಬೆರಳಿನಿಂದ ಮತ್ತೆ ಮತ್ತೆ ಭಾರ ಎಳೆಯುವ ಪರೀಕ್ಷೆ ಅದು. ಇಂಥ ಪ್ರಯೋಗಗಳಲ್ಲಿ ರಿವರ್ಸ್ ಒಂದು ಜಾಣತನ ಮಾಡಿದ್ದರು. ಯಾವ ದಿನ ಮದ್ದು, ಯಾವ ದಿನ ಬರೀ ನೀರಿನಂಥದ್ದು ಅನ್ನೋದು ಕುಡಿಯುವವನಿಗೇ ಗೊತ್ತಾಗದ ಹಾಗೆ ರುಚಿ ಮರೆಮಾಚಿದ್ದರು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕ್ರೀಡಾಲೋಕದ ಕಣ್ಣು ಬಿದ್ದದ್ದು 1978ರಲ್ಲಿ. ಅಮೆರಿಕದ ಡೇವಿಡ್ ಕಾಸ್ಟಿಲ್ ಒಂಬತ್ತು ಮಂದಿ ಸೈಕಲ್ ಪಟುಗಳಿಗೆ 330 ಮಿಲಿಗ್ರಾಂ ಕೆಫೀನ್ ಇದ್ದ ಕಾಫಿ ಕುಡಿಸಿದರು. ಕೆಫೀನ್ ಇಲ್ಲದ ಕಾಫಿ ಕುಡಿದ ದಿನ ಅವರು ಸುಸ್ತಾಗಿ ನಿಂತದ್ದು ಸರಾಸರಿ 75 ನಿಮಿಷಕ್ಕೆ. ಇದ್ದದ್ದನ್ನು ಕುಡಿದ ದಿನ 90 ನಿಮಿಷ! ಕೆಫೀನ್ ಕೊಬ್ಬನ್ನು ಜಾಸ್ತಿ ಉರಿಸಿ ಸ್ನಾಯುವಿನ ಸಕ್ಕರೆ ಉಳಿಸುತ್ತದೆ ಅನ್ನೋದು ಆಗಿನ ವಿವರಣೆ. ಈಗ ಮುಖ್ಯವಾಗಿ ಮಿದುಳಿನ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಅಡೆನೊಸಿನ್ ಅನ್ನುವ ವಸ್ತು ತನ್ನ ಜಾಗದಲ್ಲಿ ಬಂದು ಕೂತರೆ ಮೈಗೆ "ಸಾಕು" ಅನಿಸುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಕೆಫೀನ್ ಮೊದಲೇ ಆ ಜಾಗ ಹಿಡಿದುಬಿಡುತ್ತದೆ. ದಣಿವು ನಿಂತೇ ಪ್ರಯಾಣ ಮಾಡಬೇಕು.

1980ರ ದಶಕದಲ್ಲಿ ಒಲಿಂಪಿಕ್ ಸಮಿತಿ ಇದಕ್ಕೆ ಮಿತಿ ಹಾಕಿತು. ಮೂತ್ರದಲ್ಲಿ ಪ್ರತಿ ಮಿಲಿಲೀಟರಿಗೆ 12 ಮೈಕ್ರೊಗ್ರಾಂ ದಾಟಿದರೆ ತಪ್ಪು. ತೊಡಕು ಇದ್ದದ್ದು ಇಲ್ಲೇ. ಅಷ್ಟೇ ಕಾಫಿ ಕುಡಿದ ಇಬ್ಬರ ಮೂತ್ರದಲ್ಲಿ ಲೆಕ್ಕ ಬೇರೆ ಬೇರೆ ಬರುತ್ತಿತ್ತು, ಯಾಕೆಂದರೆ ಎಲ್ಲರ ಮೈ ಒಂದೇ ವೇಗದಲ್ಲಿ ಕೆಫೀನ್ ಕರಗಿಸುವುದಿಲ್ಲ. 2004ರ ಜನವರಿ 1ರಿಂದ ನಿಷೇಧಿತ ಪಟ್ಟಿಯಿಂದ ಅದನ್ನು ಕೈಬಿಟ್ಟರು.

ಕರಗಿಸುವ ಕೆಲಸ ಯಕೃತ್ತಿನದು. ಅಲ್ಲಿನ ಸಿವೈಪಿ1ಎ2 ಅನ್ನುವ ಕಿಣ್ವವೇ ನೂರಕ್ಕೆ ಸುಮಾರು 95 ಭಾಗ ಕೆಫೀನನ್ನು ನೋಡಿಕೊಳ್ಳುತ್ತದೆ. ಅದರ ಜೀನ್‌ನಲ್ಲಿ ಒಂದು ಜಾಗದಲ್ಲಿ ಅಕ್ಷರ 'ಎ' ಇರಬಹುದು, 'ಸಿ' ಇರಬಹುದು. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡೂ ಎ ಆದರೆ ಬೇಗ ಕರಗಿಸುವವರು, ಸಿ ಸೇರಿಕೊಂಡರೆ ನಿಧಾನದವರು. 2006ರಲ್ಲಿ ಕೋಸ್ಟರಿಕಾದ ಸುಮಾರು 4,000 ಜನರ ಅಧ್ಯಯನ ಬಂತು. ಜಾಸ್ತಿ ಕಾಫಿ ಕುಡಿಯುವ ನಿಧಾನದವರಲ್ಲಿ ಹೃದಯಾಘಾತದ ಅಪಾಯ ಹೆಚ್ಚಿತ್ತು, ಬೇಗದವರಲ್ಲಿ ಹಾಗೆ ಕಾಣಲಿಲ್ಲ. ಅಲ್ಲಿಂದ ಕ್ರೀಡಾ ಸಂಶೋಧಕರೂ ಈ ಜೀನ್ ಹಿಂದೆ ಬಿದ್ದರು.

2012ರಲ್ಲಿ 35 ಸೈಕಲ್ ಪಟುಗಳು 40 ಕಿಲೋಮೀಟರ್ ತುಳಿದರು. ಕೆಫೀನ್‌ನಿಂದ ಎಎ ಗುಂಪಿಗೆ ಶೇ. 4.9 ಲಾಭ, ಉಳಿದವರಿಗೆ ಶೇ. 1.8. ಚಂದದ ಕಥೆ, ಅಲ್ವಾ? 2016ರಲ್ಲಿ 3 ಕಿಲೋಮೀಟರ್ ಪರೀಕ್ಷೆ ಮಾಡಿದಾಗ ಅದು ಉಲ್ಟಾ ಹೊಡೆಯಿತು: ಎಸಿ ಇದ್ದವರಿಗೇ ಹೆಚ್ಚು ಲಾಭ. 2018ರಲ್ಲಿ ಟೊರಾಂಟೊದಿಂದ ದೊಡ್ಡ ಅಧ್ಯಯನ ಬಂತು. 101 ಗಂಡು ಪಟುಗಳು, 10 ಕಿಲೋಮೀಟರ್. ದೇಹತೂಕದ ಕೆಜಿಗೆ 4 ಮಿಲಿಗ್ರಾಂ ಕೊಟ್ಟಾಗ ಎಎ ಗುಂಪು ಶೇ. 6.8 ಸುಧಾರಿಸಿತು, ಎಸಿ ಇದ್ದಲ್ಲೇ ಇತ್ತು, ಸಿಸಿ ಶೇ. 13.7 ಹಿಂದೆ ಬಿತ್ತು. ಈ 13.7 ಎಲ್ಲ ಕಡೆ ಓಡಾಡಿತು. ಆದರೆ ಸಿಸಿ ಗುಂಪಿನಲ್ಲಿ ಇದ್ದದ್ದು ಎಂಟೇ ಜನ. ಎಂಟು ಜನರ ಮೇಲೆ ಇಷ್ಟು ದೊಡ್ಡ ಮಾತು ಕಟ್ಟಲು ನನಗಂತೂ ಧೈರ್ಯ ಸಾಲದು. ಆಮೇಲೆ ಬಂದ ಹಲವು ಅಧ್ಯಯನಗಳಲ್ಲಿ ಜೀನ್‌ನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲೇ ಇಲ್ಲ.

ಮೇಲಾಗಿ ಈ ಕಿಣ್ವವನ್ನು ನಡೆಸುವುದು ಬರೀ ಜೀನ್ ಅಲ್ಲ. ಚಾ ಅಂಗಡಿಯ ಬೆಂಚಿನ ಮೇಲೆ ಬೀಡಿ ಸೇದುತ್ತಾ ಕೂತವರನ್ನು ನೋಡಿ. ಹೊಗೆ ಆ ಕಿಣ್ವವನ್ನು ಚುರುಕು ಮಾಡುತ್ತದೆ, ಕೆಫೀನ್ ಬೇಗ ಖಾಲಿ. (ಬೀಡಿಗೆ ಇದು ಶಿಫಾರಸಲ್ಲ ಮತ್ತೆ!) ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಅದೇ ಕಿಣ್ವ ನಿಧಾನ. ಎಂಜಲು ಕಳಿಸಿದರೆ ಸಾಕು, ನಿಮ್ಮ ಕಾಫಿ ಲೆಕ್ಕ ಹೇಳುತ್ತೇವೆ ಅನ್ನುವ ಜೀನ್ ಪರೀಕ್ಷೆಗಳಿಗೆ ದುಡ್ಡು ಸುರಿಯುವ ಮುಂಚೆ ಇದು ನೆನಪಿರಲಿ.

ಈಗ ರಿವರ್ಸ್ ರುಚಿ ಮರೆಮಾಚಿದ ಕಾರಣ. 2006ರ ಒಂದು ಪ್ರಯೋಗದಲ್ಲಿ ಸೈಕಲ್ ಪಟುಗಳಿಗೆ ಕೆಫೀನ್ ಕೊಡುತ್ತೇವೆ ಅಂತ ಹೇಳಿ ಖಾಲಿ ಮಾತ್ರೆ ಕೊಟ್ಟರು. ಜಾಸ್ತಿ ಡೋಸ್ ಅಂತ ನಂಬಿದಾಗ ಅವರ ಶಕ್ತಿ ಶೇ. 3.1 ಏರಿತು. ಖಾಲಿ ಅಂತ ನಂಬಿದಾಗ ಇಳಿಯಿತು. ಕೆಫೀನ್ ಒಂದು ಚೂರೂ ಇರಲಿಲ್ಲ.

ತೋರಣಗಲ್ಲಿನ ಹತ್ತಿರ 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಒಲಿಂಪಿಕ್ ಮಟ್ಟದವರು ತಯಾರಾಗುತ್ತಾರೆ. ನಮ್ಮ ಮೈದಾನದ ಹುಡುಗರದು ಗ್ಲಾಸಿನ ಲೆಕ್ಕ. ಓಟಕ್ಕೆ ಒಂದು ಗಂಟೆ ಮುಂಚೆ ಕೆಜಿಗೆ 3ರಿಂದ 6 ಮಿಲಿಗ್ರಾಂ ಅನ್ನೋದು ತಜ್ಞರ ಸಾಮಾನ್ಯ ಮಾತು. 60 ಕೆಜಿ ಹುಡುಗನಿಗೆ ಕಡಿಮೆ ಅಂದರೂ 180. ಸಿಂಗಲ್ ಚಾದಲ್ಲಿ ಅಂದಾಜು 25 ಅಂತ ಹಿಡಿದರೆ ಏಳು ಗ್ಲಾಸು. ಎರಡು ಗ್ಲಾಸಿಗೇ ಹಾರುವವನನ್ನು ಹಾರಿಸುತ್ತಿರುವುದು ಕೆಫೀನ್‌ಗಿಂತ ಸಕ್ಕರೆ, ರೂಢಿ, ನಂಬಿಕೆ ಇರಬೇಕು.

ಈ ಲೆಕ್ಕ ಅವನಿಗೇ ಹೇಳಿದೆ. ಗ್ಲಾಸು ಕೆಳಗಿಟ್ಟು ನಕ್ಕ. "ಏಳು ಕುಡುದ್ರ ನಾನು ಓಡೋದು ಟ್ರ್ಯಾಕ್ ಕಡೆಗಲ್ಲ ಬಿಡಣ್ಣ."